ರಾಣಿ ಕಣ ಚಿವುಟೋ ಮೊದಲು ಮೊಟ್ಟೆ ನೋಡು

ತಮ್ಮಾ, ಅತ್ತೆ ಮಾತಾಡ್ತಿರೋದು. ಫೋಟೋ ನೋಡಿದೆ. ಟೈಪ್ ಮಾಡಿ ಮುಗಿಸೋ ವಿಷಯ ಅಲ್ಲ, ಅದಕ್ಕೇ ಹೇಳ್ತಾ ಹೋಗ್ತೀನಿ, ಗ್ರೂಪಲ್ಲಿ ಜೇನು ಪೆಟ್ಟಿಗೆ ಇಟ್ಟಿರೋ ಉಳಿದೋರೂ ಕೇಳಿಸ್ಕೊಳ್ಳಿ. ಹಿತ್ತಲಿನ ತುಡುವೆ ಜೇನಿನ ಪೆಟ್ಟಿಗೆ ಬಾಗಿಲಲ್ಲಿ ಹುಳ ಗಿಜಿಗುಡ್ತಿದೆ, ಎರಿ ಅಂದ್ರೆ ಮೇಣದ ಹಲ್ಲೆ ಅಡಿಯಲ್ಲಿ ಶೇಂಗಾ ಕಾಯಿ ತರ ನಾಲ್ಕೈದು ಜೋತುಬಿದ್ದಿದೆ, ಎಲ್ಲ ಚಿವುಟಿ ಹಾಕ್ಲಾ ಅಂತ ಕೇಳಿದ್ಯಲ್ಲ. ಇವತ್ತು ಚಿವುಟಬೇಡ ಮಾರಾಯ. ಅವು ರಾಣಿ ಕಣ, ಹೊಸ ರಾಣಿ ಹುಳ ಬೆಳೆಯೋ ಗೂಡು.

ನಾಳೆ ಬಿಸಿಲೇರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ತೆಗಿ. ಆಗ ದುಡಿಯೋ ಹುಳ ಅರ್ಧ ಹೊರಗಿರತ್ತೆ. ಹೊಗೆ ಸ್ವಲ್ಪ ಸಾಕು. ತುಡುವೆ ಮುನಿಸ್ಕೊಂಡ್ರೆ ಪೆಟ್ಟಿಗೆ ಬಿಟ್ಟೇ ಹೋಗತ್ತೆ. ಎರಿ ಕಟ್ಟಿರೋ ಚೌಕಟ್ಟನ್ನ ಪೆಟ್ಟಿಗೆ ಮೇಲೇ ಹಿಡ್ಕೊ, ಬಿಸಿಲು ನಿನ್ನ ಹೆಗಲ ಹಿಂದಿಂದ ಬೀಳಲಿ, ಎರಿಯ ಸಣ್ಣ ಕಣಗಳ ತಳ ನೋಡು. ಮೊಟ್ಟೆ ಬೆಳ್ಳಗೆ ನೆಟ್ಟಗೆ ನಿಂತಿದ್ರೆ ರಾಣಿ ನಿನ್ನೆ ಮೊನ್ನೆವರೆಗೂ ಇದ್ದಾಳೆ ಅಂತ ಲೆಕ್ಕ. ಮೂರನೇ ದಿನಕ್ಕೆ ಅದು ಮಲಗತ್ತೆ.

ಮೊಟ್ಟೆ ಇದೆ, ಗಂಡುಹುಳ ಓಡಾಡ್ತಿವೆ, ರಾಣಿ ಕಣ ಎರಿಯ ಕೆಳ ಅಂಚಲ್ಲಿದೆ ಅಂದ್ರೆ ಕುಟುಂಬ ಪಾಲಾಗೋಕೆ ತಯಾರಿ. ಮೊಟ್ಟೆಯೇ ಇಲ್ಲ, ಕಣ ಎರಿ ನಡುವೆ ಎದ್ದಿದೆ ಅಂದ್ರೆ ರಾಣಿ ಸತ್ತಿದ್ದಾಳೆ, ಇದ್ದ ಮರಿಯಿಂದಲೇ ಹೊಸಬಳನ್ನ ಮಾಡ್ಕೊಳ್ತಿವೆ. ಆಗ ಚಿವುಟಿದ್ಯೋ, ಆ ಕುಟುಂಬಕ್ಕೆ ಇರೋ ಒಂದೇ ದಾರಿ ಮುಚ್ಚಿದ ಹಾಗೆ.

ನಿನ್ನ ಫೋಟೋ ಪ್ರಕಾರ ಇದು ಪಾಲಾಗೋದೇ. ಚಿವುಟಿದ್ರೂ ವಾರದೊಳಗೆ ಮತ್ತೆ ಕಟ್ತಾವೆ, ಒಂದು ಕಣ್ತಪ್ಪಿದ್ರೆ ಹಳೇ ರಾಣಿ ಅರ್ಧ ಹುಳ ಕರ್ಕೊಂಡು ಕಾಡು ಸೇರ್ತಾಳೆ. ಅದಕ್ಕಿಂತ ನೀನೇ ಪಾಲು ಮಾಡು. ಹಳೇ ರಾಣಿ, ಮೊಟ್ಟೆ ಮರಿ ಇರೋ ಮೂರು ಎರಿ, ಹುಳದ ಸಮೇತ ಹೊಸ ಪೆಟ್ಟಿಗೆಗೆ. ದೊಡ್ಡದಾದ ಒಂದೋ ಎರಡೋ ಕಣ ಹಳೇದರಲ್ಲಿ ಉಳಿಸಿ, ಬಾಕಿ ತೆಗಿ. ಎರಡನ್ನೂ ಪಕ್ಕಪಕ್ಕ, ಹಳೇ ಜಾಗದಿಂದ ಅರ್ಧರ್ಧ ಸರಿಸಿ ಇಡು, ಹೊರಗಿಂದ ಬರೋ ಹುಳ ಎರಡಕ್ಕೂ ಹಂಚಿಹೋಗತ್ತೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ದೂರ ಮಾಡು. ಕಣ ಉಳಿಸಿದ ಪೆಟ್ಟಿಗೆಯನ್ನ ಎರಡು ವಾರ ಮುಟ್ಟಬೇಡ, ಹೊಸ ರಾಣಿ ಹಾರಿ, ಕೂಡಿ ಬಂದು, ಮೊಟ್ಟೆ ಇಡೋಕೆ ಅಷ್ಟು ಬೇಕು.

ಇನ್ನೊಂದು. ಯಾವ ಕುಟುಂಬ ಗಟ್ಟಿಯೋ ಅದನ್ನೇ ಪಾಲು ಮಾಡು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ಮರಿ ಸಾಯೋ ರೋಗ ಬಂದು ನಮ್ಮ ಕಡೆ ಎಷ್ಟೋ ಮನೆ ಪೆಟ್ಟಿಗೆ ಬರಿದಾಯ್ತು. ವೈರಸ್, ಔಷಧಿ ಇಲ್ಲ. ಮರಿ ಕಣದ ಮೇಣದ ಮುಚ್ಚಳ ತೂತಾಗಿ ಒಳಗೆ ಮರಿ ತಲೆಯೆತ್ತಿ ಸತ್ತಿದ್ರೆ, ಎಳೆದಾಗ ನೀರು ತುಂಬಿದ ಚೀಲದ ಹಾಗೆ ಬಂದ್ರೆ, ಆ ಎರಿ ಇನ್ನೊಂದು ಪೆಟ್ಟಿಗೆಗೆ ಹಾಕಲೇಬೇಡ. ಗಂಡುಹುಳದ ಮುಚ್ಚಳದ ನಡುವೆ ಸಣ್ಣ ತೂತು ಇರೋದು ಮಾತ್ರ ತುಡುವೆಗೆ ಸಹಜ, ಹೆದರಬೇಡ.

ಅಡಿಹಲಗೆ ಪ್ರತಿಸಲ ಕೆರೆದು ಒರೆಸು, ಮೇಣ ತಿನ್ನೋ ಹುಳ ಹುಟ್ಟೋದು ಆ ಕಸದಲ್ಲೇ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಒಣಗಬಾರದು, ಇರುವೆ ಬರತ್ತೆ. ಸಕ್ಕರೆ ಪಾಕ ಇನ್ನು ಸಾಕು, ನೇರಳೆ ಹೂ ಬಂತು, ಹೊಂಗೆಯೂ ಬರತ್ತೆ. ಪಾಕ ಕೊಟ್ಟು ತುಪ್ಪ ತುಂಬಿಸೋಕೆ ಪೆಟ್ಟಿಗೆ ಮೇಲಿನ ಕೋಣೆ ಇಟ್ರೆ ನೀನು ತೆಗಿಯೋದು ಜೇನುತುಪ್ಪ ಅಲ್ಲ, ಅದನ್ನ ಯಾರಿಗೂ ಕೊಡಬಾರದು. ಪಕ್ಕದ ತೋಟದವ್ರು ಮಾವಿನ ಹೂವಿಗೆ ಔಷಧಿ ಹೊಡೀತಾರೆ ಅಂದ್ಯಲ್ಲ, ಹೋಗಿ ಕೇಳ್ಕೊ, ಹುಳ ಗೂಡು ಸೇರಿದ ಮೇಲೆ ಸಂಜೆ ಹೊಡೀಲಿ.

ತುಪ್ಪ ತೆಗಿಯೋದು ಮೇಲಿನ ಕೋಣೆಯಿಂದ ಮಾತ್ರ, ಅದೂ ಮುಕ್ಕಾಲು ಕಣಕ್ಕೆ ಮುಚ್ಚಳ ಬಿದ್ದ ಮೇಲೆ. ಕೆಳಗಿನದು ಮಳೆಗಾಲಕ್ಕೆ ಅವುಗಳ ಊಟ, ಜೂನ್‌ನಿಂದ ಹೊರಗೆ ಏನೂ ಸಿಗಲ್ಲ.

ಖಾಲಿ ಪೆಟ್ಟಿಗೆ ಒಂದು ನಮ್ಮನೆ ಅಟ್ಟದ ಮೇಲಿದೆ. ಬೆಳಗಿನ ಬಸ್ಸಿಗೆ ಹಾಕಿ ಕಳಿಸ್ತೀನಿ, ಸ್ಟ್ಯಾಂಡಲ್ಲಿ ಇಳಿಸ್ಕೊ. ತೆಗಿಯೋವಾಗ ವಿಡಿಯೋ ಕಾಲ್ ಮಾಡು.