ಜರ್ನಿ ಬ್ಯಾಂಡ್ ಅಂದರೆ ಕೆಲವರಿಗೆ ಪ್ರಾಣ, ಕೆಲವರಿಗೆ ಯಾಕಿಷ್ಟು ಸಿಟ್ಟು?

ಹಳೇಕ್ಯಾಸೆಟ್:
ನಮಸ್ಕಾರ. ಕಾಲೇಜಿನ ದಿನಗಳಿಂದ ಅಮೆರಿಕದ ರಾಕ್ ಬ್ಯಾಂಡ್ ಜರ್ನಿಯನ್ನು ಕೇಳುತ್ತಾ ಬಂದವನು ನಾನು. ಅದರ ಹಾಡುಗಾರ ಸ್ಟೀವ್ ಪೆರ್ರಿ ದನಿ ಎತ್ತಿದರೆ ಈಗಲೂ ಮೈ ಜುಮ್ ಅನ್ನುತ್ತೆ. ಮೊನ್ನೆ ಗೆಳೆಯರ ಮನೆಯಲ್ಲಿ ಅವರ 'ಎಸ್ಕೇಪ್' ಆಲ್ಬಮ್ ಹಾಕಿದೆ. ಎರಡನೇ ಹಾಡಿಗೇ ಒಬ್ಬರು ಎದ್ದು ಬಂದು ನಿಲ್ಲಿಸಿಬಿಟ್ಟರು, ಇದು ರಾಕ್ ಅಲ್ಲ, ಜಾಹೀರಾತಿನ ಸಂಗೀತ ಅಂದರು. ಅವರು ಡೀಪ್ ಪರ್ಪಲ್, ಲೆಡ್ ಜೆಪ್ಲಿನ್ ಎಲ್ಲ ಮನಸ್ಸಿಟ್ಟು ಕೇಳಿದವರು, ಸುಮ್ನೆ ಮಾತಾಡುವವರಲ್ಲ. 1981ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆದ ಆಲ್ಬಮ್ ಅದು. ಇಷ್ಟ ಆಗದಿದ್ದರೆ ಸರಿ, ಸಿಟ್ಟು ಯಾಕೆ ಬರಬೇಕು?

ತಂತಿನಾದ:
ಒಂದೇ ಹೆಸರಲ್ಲಿ ಎರಡು ಬ್ಯಾಂಡ್ ಇದ್ದವು, ಅದೇ ಮೂಲ. 1973ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದಾಗ ಗಿಟಾರಿನ ನೀಲ್ ಶಾನ್, ಕೀಬೋರ್ಡಿನ ಗ್ರೆಗ್ ರೋಲಿ ಇಬ್ಬರೂ ಸಾಂಟಾನಾ ಬ್ಯಾಂಡಿನಿಂದ ಬಂದವರು. ಮೊದಲ ಮೂರು ಆಲ್ಬಮ್‌ಗಳಲ್ಲಿ ಗಿಟಾರು, ಕೀಬೋರ್ಡಿಗೇ ಜಾಸ್ತಿ ಜಾಗ, ಜಾಝ್ ಕಡೆ ವಾಲಿದ ಉದ್ದುದ್ದ ನುಡಿಸಾಣಿಕೆ, ಹಾಡುಗಾರಿಕೆ ಕಡಿಮೆ. ಮಾರಾಟ ಆಗಲಿಲ್ಲ. ರೆಕಾರ್ಡ್ ಕಂಪನಿ ಒಬ್ಬ ಹಾಡುಗಾರ ಬೇಕೇ ಬೇಕು ಅಂತ ಒತ್ತಾಯ ಮಾಡಿತು, 1977ರಲ್ಲಿ ಪೆರ್ರಿ ಬಂದರು. ಮುಂದಿನ ವರ್ಷದ 'ಇನ್ಫಿನಿಟಿ' ಆಲ್ಬಮ್ಮಿಗೆ ಕ್ವೀನ್ ಬ್ಯಾಂಡಿನ ನಿರ್ಮಾಪಕ ರಾಯ್ ಥಾಮಸ್ ಬೇಕರ್. ಆಮೇಲೆ ರೋಲಿ ಬಿಟ್ಟರು, ಅವರ ಜಾಗಕ್ಕೆ ಜೊನಾಥನ್ ಕೇನ್ ಸೇರಿದರು, ಪ್ರೇಮದ ಹಾಡುಗಳು ಹೆಚ್ಚಾದವು. ಮೊದಲಿನ ಜರ್ನಿ ಕೇಳಿದವರಿಗೆ ಮನೆ ಮಾರಿಕೊಂಡ ಹಾಗೆ ಅನ್ನಿಸಿತು. ನನಗೂ 1975ರ ಮೊದಲ ಆಲ್ಬಮ್ಮೇ ಇಷ್ಟ.

ಮಲೆನಾಡಿನ ಕಿವಿ:
ನಿಮ್ಮ ಗೆಳೆಯರ ಪಕ್ಷ ನನ್ನದು, ಬೇಜಾರು ಮಾಡ್ಕೋಬೇಡಿ. ಆ ಹಾಡುಗಳಲ್ಲಿ ಎಲ್ಲೂ ಒಂದು ಗೀರು ಇಲ್ಲ, ಎಲ್ಲ ಪಾಲಿಶ್. ಆ ಕಡೆ ಪಂಕ್ ಹುಡುಗರು ಬರೀ ಮೂರು ಸ್ವರಮೇಳದಲ್ಲಿ ಕೂಗುತ್ತಿದ್ದ ಕಾಲ ಅದು, ಅದಕ್ಕೇ ಅಮೆರಿಕದ ವಿಮರ್ಶಕರು ಇಂಥ ಬ್ಯಾಂಡ್‌ಗಳನ್ನು 'ಕಾರ್ಪೊರೇಟ್ ರಾಕ್' ಅಂತ ಬದಿಗಿಟ್ಟರು. 1982ರಲ್ಲಿ ಇವರ ಹೆಸರಲ್ಲಿ ಅಟಾರಿ ವಿಡಿಯೋ ಗೇಮ್ ಕೂಡ ಬಂತು, ಮತ್ತೆ ಯಾರು ಏನು ಅಂದುಕೊಳ್ಳಬೇಕು ಹೇಳಿ? ಇನ್ನು 'ಎಸ್ಕೇಪ್'ನ 'ಡೋಂಟ್ ಸ್ಟಾಪ್ ಬಿಲೀವಿನ್' ಹಾಡು, 2007ರಲ್ಲಿ 'ದಿ ಸೊಪ್ರಾನೋಸ್' ಧಾರಾವಾಹಿಯ ಕೊನೆಯ ದೃಶ್ಯದಲ್ಲಿ, ಎರಡು ವರ್ಷಕ್ಕೆ 'ಗ್ಲೀ' ಧಾರಾವಾಹಿಯಲ್ಲಿ, ಆಮೇಲೆ ಪ್ರತಿ ಕ್ಯಾರಿಯೋಕೆಯಲ್ಲಿ. ಬಲವಂತವಾಗಿ ಕೇಳಿಸಿದ ಹಾಡಿನ ಮೇಲೆ ಪ್ರೀತಿ ಉಳಿಯೋದು ಕಷ್ಟ.

ಹಳೇಕ್ಯಾಸೆಟ್:
ಬಲವಂತದ ಮಾತು ಒಪ್ಪುತ್ತೇನೆ. ಆದರೆ ಅದೇ ಹಾಡನ್ನು ಇನ್ನೊಂದು ಸಲ ಕೇಳಿ. ನಮ್ಮ ಹಾಡುಗಳಲ್ಲಿ ಪಲ್ಲವಿ ಮೊದಲೇ ಬರುತ್ತೆ, ಅಲ್ವಾ? ಇಲ್ಲಿ ನಾಲ್ಕು ನಿಮಿಷ ಚಿಲ್ಲರೆ ಹಾಡಿನಲ್ಲಿ ಪಲ್ಲವಿ ಬರುವುದು ಮೂರು ನಿಮಿಷ ದಾಟಿದ ಮೇಲೆ. ಅಲ್ಲಿಯವರೆಗೂ ಬರೀ ಪಿಯಾನೋ, ಕತೆ, ಕಾಯಿಸೋದು. ಲೆಕ್ಕ ಹಾಕಿ ಮಾರುವವರು ಹೀಗೆ ಕಟ್ಟುತ್ತಾರಾ?

ಲಯದ ಹುಚ್ಚು:
ಪೆರ್ರಿ ಬಗ್ಗೆ ಜಗಳ ಆಗುತ್ತೆ, ಹಿಂದೆ ಕೂತ ಸ್ಟೀವ್ ಸ್ಮಿತ್ ಬಗ್ಗೆ ಯಾರೂ ಮಾತಾಡಲ್ಲ. ಜಾಝ್ ಕಲಿತ ಡ್ರಮ್ಮರ್. ಆ ಹಾಡಿನಲ್ಲಿ ಎಡಗೈ ಹೈಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ) ಬಿಡುವುದಿಲ್ಲ, ಬಲಗೈ ಉಳಿದ ಡ್ರಮ್‌ಗಳ ಮೇಲೆಲ್ಲ ಓಡಾಡುತ್ತೆ, ಒಮ್ಮೆ ನುಡಿಸಲು ಪ್ರಯತ್ನಿಸಿ, ಗೊತ್ತಾಗುತ್ತೆ. ಈ ಮನುಷ್ಯ ಆಮೇಲೆ ಲಯದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ನಮ್ಮ ಕೊನ್ನಕ್ಕೋಲ್ ಕಲಿತರು, ಜಾಕಿರ್ ಹುಸೇನ್ ಜೊತೆ ನುಡಿಸಿದರು, ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವ ಪ್ರಸನ್ನ ಜೊತೆ 'ರಾಗ ಬಾಪ್ ಟ್ರಿಯೋ' ಮಾಡಿದರು. ಬಾಯಲ್ಲಿ ತಕಧಿಮಿ ಹೇಳುತ್ತಲೇ ಕೈಯಲ್ಲಿ ನುಡಿಸುವುದನ್ನು ನೋಡಬೇಕು ನೀವು. ಜರ್ನಿಯ 'ರೇಯ್ಸ್ಡ್ ಆನ್ ರೇಡಿಯೋ' ಆಲ್ಬಮ್ ಮಾಡುವಾಗ ಇಂಥವರನ್ನೇ ಬ್ಯಾಂಡಿನಿಂದ ತೆಗೆದರು. ನನ್ನ ಸಿಟ್ಟು ಅದಕ್ಕೆ.

ಮಲೆನಾಡಿನ ಕಿವಿ:
ಸ್ಮಿತ್ ಕೊನ್ನಕ್ಕೋಲ್ ವಿಷಯ ಗೊತ್ತೇ ಇರಲಿಲ್ಲ. ಇವತ್ತು ರಾತ್ರಿ ಡ್ರಮ್ ಮಾತ್ರ ಗಮನಿಸಿ 'ಎಸ್ಕೇಪ್' ಪೂರ್ತಿ ಕೇಳುತ್ತೇನೆ. ಪಾಲಿಶ್ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.