ಸಹಾಯ ಬೇಕು: ಅಮೆರಿಕನ್ ಫುಟ್‌ಬಾಲ್‌ನ ‘ಸೆಂಟರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಶಾಲೆಯ ಗೋಡೆ ಪತ್ರಿಕೆಗೆ ಅಮೆರಿಕನ್ ಫುಟ್‌ಬಾಲ್ ಆಟಗಾರ ವಿಲಿಯಂ ಹೆನ್ರಿ ಲೂಯಿಸ್ ಬಗ್ಗೆ ಬರೀತಿದ್ದೀನಿ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ.

1868ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಇಬ್ಬರೂ ಗುಲಾಮಗಿರಿಯಿಂದ ಬಿಡುಗಡೆಯಾದವರು. ಆಮ್ಹರ್ಸ್ಟ್ ಕಾಲೇಜು ತಂಡದ ನಾಯಕ, ಆಮೇಲೆ ಹಾರ್ವರ್ಡ್‌ನಲ್ಲಿ ಕಾನೂನು ಓದುತ್ತಲೇ ಆಟ. 1892, 1893 ಎರಡೂ ವರ್ಷ ಆಲ್-ಅಮೆರಿಕ ತಂಡಕ್ಕೆ (ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿ) ಆಯ್ಕೆ. ಆ ಗೌರವ ಪಡೆದ ಮೊದಲ ಕಪ್ಪು ಆಟಗಾರ. ಇಷ್ಟಿದ್ದೂ ಹಾರ್ವರ್ಡ್ ಇರೋ ಕೇಂಬ್ರಿಜ್ ಊರಿನ ಒಂದು ಕ್ಷೌರದಂಗಡಿಯಲ್ಲಿ ಇವರಿಗೆ ಕ್ಷೌರ ಮಾಡಲ್ಲ ಅಂದುಬಿಟ್ಟರು! ಮುಂದೆ ಹಾರ್ವರ್ಡ್‌ನಲ್ಲೇ ಕೋಚ್, 1911ರಲ್ಲಿ ಅಸಿಸ್ಟೆಂಟ್ ಅಟಾರ್ನಿ ಜನರಲ್, ಅಂದ್ರೆ ಅಮೆರಿಕ ಸರ್ಕಾರದ ಹಿರಿಯ ಕಾನೂನು ಅಧಿಕಾರಿ.

ಈಗ ನನ್ನ ತೊಂದರೆ. ಇವರ ಜಾಗ ‘ಸೆಂಟರ್’. ಸಾಲಿನ ನಡುವೆ ಬಗ್ಗಿ ನಿಂತು, ಚೆಂಡನ್ನು ಹಿಂದಿರುವವನಿಗೆ ದಾಟಿಸಿ, ಮರುಕ್ಷಣವೇ ಎದುರಾಳಿಯನ್ನು ತಡೆಯೋ ಕೆಲಸ. ‘ಮಧ್ಯದ ಆಟಗಾರ’ ಅಂದ್ರೆ ನಮ್ಮ ಹುಡುಗರು ಮಿಡ್‌ಫೀಲ್ಡರ್ ಅಂದ್ಕೋತಾರೆ. ‘ನಡುವಾಳು’ ಅಂತ ಬರೆದೆ, ಓದಿದ್ರೆ ನಂಗೇ ನಗು ಬರುತ್ತೆ. ‘ಕಾಲ್ಚೆಂಡು’ ಅಂತೂ ಬೇಡವೇ ಬೇಡ. ಅಲ್ಲಿ ಚೆಂಡು ಇರೋದೇ ಕೈಯಲ್ಲಿ.

ಏಳನೇ ಕ್ಲಾಸಿನ ಮಕ್ಕಳಿಗೆ ಅರ್ಥವಾಗೋ ಪದ ಯಾರಿಗಾದ್ರೂ ಹೊಳೆಯುತ್ತಾ? ಇಲ್ಲ, ‘ಸೆಂಟರ್’ ಅಂತಲೇ ಬಿಟ್ಟು ಪಕ್ಕದಲ್ಲಿ ಚಿತ್ರ ಬರೆದುಬಿಡಲಾ? ಶುಕ್ರವಾರದೊಳಗೆ ಅಂಟಿಸಬೇಕು.