ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್: ಟೀಚರನ್ನು ಕೇಳಿ

ಪ್ರಶ್ನೆ (ಮುಂಬೈ ಹತ್ತಿರದ ಡೊಂಬಿವಲಿಯ ತಾಯಿ): ನಮಸ್ಕಾರ ಟೀಚರ್. ಮಗ ಇಂಗ್ಲಿಷ್ ಮೀಡಿಯಂ, 3ನೇ ಕ್ಲಾಸ್. ಪಾಠ ಗಡಗಡ ಓದ್ತಾನೆ, ಏನು ಓದಿದೆ ಅಂದ್ರೆ ಸುಮ್ಮನಾಗ್ತಾನೆ. ಮನೇಲೂ ಇಂಗ್ಲಿಷೇ ಮಾತಾಡಿ ಅಂತ ಶಾಲೇಲಿ ಹೇಳಿದ್ದಾರೆ. ನಾನು ಊರಲ್ಲಿ ಕನ್ನಡ ಶಾಲೆಗೆ 7ನೇ ತನಕ ಹೋದವಳು. ಕನ್ನಡ ಬಿಟ್ಟುಬಿಡೋದಾ?

ಉತ್ತರ (ಇಂಗ್ಲಿಷ್ ಶಿಕ್ಷಕಿ): ಖಂಡಿತ ಬಿಡಬೇಡಿ. "ಯಾಕೆ ಹಾಗಾಯ್ತು, ಆಮೇಲೇನು?" ಅಂತ ನೀವು ಕನ್ನಡದಲ್ಲಿ ಕೇಳಿ, ಅವನು ಬಿಡಿಸಿ ಹೇಳಿದಷ್ಟೂ ಅರ್ಥ ಹಿಡಿಯುವುದು ಕಲಿಯುತ್ತಾನೆ. ಆ ಅಭ್ಯಾಸ ಇಂಗ್ಲಿಷ್ ಪುಸ್ತಕ ಓದುವಾಗಲೂ ಜೊತೆಗಿರುತ್ತದೆ. ಬಾರದ ಇಂಗ್ಲಿಷ್ ಹಿಡಿದು ಕೂತರೆ ಮನೆಯ ಮಾತೆಲ್ಲ "ಕಮ್, ಈಟ್, ಸ್ಲೀಪ್"ಗೆ ಇಳಿಯುತ್ತದೆ.

ದಿನಕ್ಕೆ 20 ನಿಮಿಷ ಸಾಕು, ಆದರೆ ದಿನಾ ಬೇಕು. ಮುಂದಿನ ವಾರ ಯಾವ ಪಾಠ ಅಂತ ಕ್ಲಾಸ್ ಟೀಚರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಚಿತ್ರ ನೋಡಿಸಿ, ಗೊತ್ತಿರುವವರಿಂದ ಕೇಳಿ ತಿಳಿದು, ಪಾಠದ ವಿಷಯವನ್ನು ಕನ್ನಡದಲ್ಲೇ ಹೇಳಿಬಿಡಿ. ವಿಷಯ ಗೊತ್ತಿದ್ದ ಮಗುವಿಗೆ ತರಗತಿಯಲ್ಲಿ ಹೊಸತಾಗಿ ಉಳಿಯುವುದು ಪದಗಳು ಮಾತ್ರ.

ಆಮೇಲೆ ಅರ್ಧ ಪುಟ ಜೋರಾಗಿ ಓದಿಸಿ. ತಡವರಿಸಿದ ಕೂಡಲೇ ಹೇಳಿಕೊಡಬೇಡಿ, ಮನಸ್ಸಿನಲ್ಲಿ ಐದು ಎಣಿಸಿ. ಓದಿದ್ದನ್ನು ಪುಸ್ತಕ ಮುಚ್ಚಿ ಕನ್ನಡದಲ್ಲಿ ಹೇಳಲಿ. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕಿಲ್ಲ. ಎಲ್ಲಿ ಎಡವುತ್ತಾನೆ, ಎಲ್ಲಿ ಹಾರಿಸುತ್ತಾನೆ ಅಂತ ಕೇಳುತ್ತ ಕೂತರೆ ತಿಳಿಯುತ್ತದೆ. ಮೂರು ದಿನ ಅದೇ ಅರ್ಧ ಪುಟ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದ ಗೊತ್ತಿಲ್ಲದಿದ್ದರೆ ಒಬ್ಬನೇ ಓದಲು ಆ ಪುಸ್ತಕ ಭಾರವಾಯ್ತು, ಹಗುರದ್ದು ಕೊಡಿ. ಮಕ್ಕಳ ಪುಸ್ತಕ ತರುವ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಎಷ್ಟೋ ಕತೆಗಳು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಉಚಿತವಾಗಿ ಸಿಗುತ್ತವೆ. ಕನ್ನಡದ್ದು ನೀವು ಓದಿ, ಇಂಗ್ಲಿಷ್‌ನದ್ದು ಅವನು ಓದಲಿ. ಅಲ್ಲಿ ಕತೆಗಳನ್ನು ಓದಿನ ಹಂತಗಳಾಗಿ ವಿಂಗಡಿಸಿದ್ದಾರೆ; 3ನೇ ಕ್ಲಾಸಿನವನಾದರೂ 1ನೇ ಹಂತದಿಂದಲೇ ಶುರುಮಾಡಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಪ್ರಶ್ನೆ (ಅದೇ ತಾಯಿ): ಇಂಗ್ಲಿಷ್ ಪದಗಳ ಮೇಲೆ ಕನ್ನಡ ಅಕ್ಷರದಲ್ಲಿ ಬರ್ಕೊಂಡು ಓದ್ತಾನೆ. ಸರೀನಾ?

ಉತ್ತರ: ಇಡೀ ಪುಟ ಹಾಗೆ ಬರೆದರೆ ಅವನು ಓದುತ್ತಿರುವುದು ಕನ್ನಡ, ಇಂಗ್ಲಿಷ್ ಅಕ್ಷರಗಳ ಮೇಲೆ ಕಣ್ಣೇ ಹೋಗುವುದಿಲ್ಲ. 'ನೈಫ್' ಅಂತ ಬರೆದುಕೊಂಡವನಿಗೆ ಆ ಪದದ ಮೊದಲಲ್ಲಿ 'ಕೆ' ಇದೆ ಅನ್ನುವುದು ಪರೀಕ್ಷೆಯಲ್ಲಿ ನೆನಪಾಗದು. ಎಡವುವ ಭಾಗದ ಮೇಲೆ ಮಾತ್ರ ಪೆನ್ಸಿಲ್‌ನಲ್ಲಿ ಬರೆಯಲಿ, ಮೂರನೇ ದಿನ ಅಳಿಸಲಿ. ಸ್ಪೆಲ್ಲಿಂಗ್‌ಗೆ: ನೋಡು, ಹೇಳು, ಮುಚ್ಚು, ಬರೆ, ತೆಗೆದು ನೋಡು. ದಿನಕ್ಕೆ ನಾಲ್ಕೇ ಪದ. ಹತ್ತು ಸಲ ನಕಲು ಮಾಡಿಸಿದರೆ ಕೈ ಓಡುತ್ತದೆ, ತಲೆ ಓಡುವುದಿಲ್ಲ.

ಕನ್ನಡದಿಂದ ಒಂದು ಲಾಭವೂ ಇದೆ. ನಮ್ಮಲ್ಲಿ ಎ-ಏ ಬೇರೆ ಬೇರೆ, ಹಾಗಾಗಿ 'ಗೆಟ್' ಮತ್ತು 'ಗೇಟ್' ವ್ಯತ್ಯಾಸ ನಮ್ಮ ಮಕ್ಕಳ ಕಿವಿಗೆ ಬೇಗ ಸಿಗುತ್ತದೆ. ಮರಾಠಿ, ಹಿಂದಿ ಬರವಣಿಗೆಯಲ್ಲಿ ಆ ಜೋಡಿ ಇಲ್ಲ. ತೊಡಕಾಗುವುದು ಪದದ ಕೊನೆಯಲ್ಲಿ: ಬಸ್ಸು, ಬುಕ್ಕು ಅನ್ನುವ ರೂಢಿಯಿಂದ ಇಂಗ್ಲಿಷ್ ಓದುವಾಗಲೂ 'ಉ' ಸೇರಿಕೊಳ್ಳುತ್ತದೆ. ಬೈಯದೆ ಆ ಒಂದು ಪದ ಮಾತ್ರ ಮತ್ತೆ ಹೇಳಿಸಿ.

ಪ್ರಶ್ನೆ (ಮುಂಬೈಯ ತಂದೆ): ಮಗಳು ಕನ್ನಡ ಮಾಧ್ಯಮದಲ್ಲಿ 8ನೇ. ಗ್ರಾಮರ್ ಬಿಟ್ಟ ಸ್ಥಳ ತುಂಬು ಅಂದ್ರೆ ಸರಿ ಬರೀತಾಳೆ, ಪ್ರಬಂಧದಲ್ಲಿ ಎಲ್ಲಾ ತಪ್ಪು. ಮುಂದೆ ಜೂನಿಯರ್ ಕಾಲೇಜು (11, 12ನೇ) ಪೂರ್ತಿ ಇಂಗ್ಲಿಷ್, ಅದೇ ಹೆದರಿಕೆ.

ಉತ್ತರ: ಸರ್, ಇವು ಕನ್ನಡದ ವಾಕ್ಯರಚನೆಯಿಂದ ಬರುವ ತಪ್ಪುಗಳು, ದಡ್ಡತನವಲ್ಲ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ "ಐ ಯೆಸ್ಟರ್‌ಡೇ ಪುಣೆ ವೆಂಟ್" ಆಗುತ್ತದೆ. "ಹೋದೆಯಾ?" ಅನ್ನುವಾಗ ಭೂತಕಾಲ ಕ್ರಿಯಾಪದದಲ್ಲೇ ಉಳಿಯುತ್ತದೆ, ಇಂಗ್ಲಿಷ್‌ನಲ್ಲಿ ಅದು 'ಡಿಡ್'ಗೆ ಹೋಗುತ್ತದೆ; ಅದಕ್ಕೇ "ಡಿಡ್ ಯು ವೆಂಟ್" ಬರುವುದು. 'ಎ', 'ದಿ'ಗೆ ಸಮನಾದದ್ದು ಕನ್ನಡದಲ್ಲಿಲ್ಲ, ಆದ್ದರಿಂದ ಬಿಟ್ಟುಹೋಗುತ್ತದೆ.

ದಿನಾ ಐದು ವಾಕ್ಯ ಬರೆಯಲಿ, ಆ ದಿನ ನಡೆದದ್ದನ್ನೇ. ಒಂದು ವಾರ ಕ್ರಿಯಾಪದದ ಜಾಗ ಮಾತ್ರ ನೋಡಿ, ಇನ್ನೊಂದು ವಾರ 'ಡಿಡ್' ಮಾತ್ರ. ಎಲ್ಲದಕ್ಕೂ ಒಂದೇ ಸಲ ಕೆಂಪು ಗೆರೆ ಹಾಕಿದರೆ ಹುಡುಗಿ ಎರಡು ಪದದ ವಾಕ್ಯ ಬರೆದು ಪಾರಾಗಲು ನೋಡುತ್ತಾಳೆ.

ಕಾಲೇಜಿಗೆ ಈಗಿಂದಲೇ ತಯಾರಿ ಮಾಡಬಹುದು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ವಿಜ್ಞಾನ, ಗಣಿತದ ಅದೇ ಪಾಠಗಳನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ತರುತ್ತದೆ, ಪಿಡಿಎಫ್ ಉಚಿತ. ಕನ್ನಡದಲ್ಲಿ ಪಾಠ ಅರ್ಥವಾದ ಮೇಲೆ ಇಂಗ್ಲಿಷ್‌ನದ್ದನ್ನು ಪಕ್ಕಕ್ಕಿಟ್ಟು ಪಾಠಕ್ಕೆ ಐದು ಪದ ಬರೆದಿಡಲಿ: ಭಿನ್ನರಾಶಿ–ಫ್ರ್ಯಾಕ್ಷನ್, ದ್ಯುತಿಸಂಶ್ಲೇಷಣೆ–ಫೋಟೋಸಿಂಥೆಸಿಸ್, ಹೀಗೆ. ಒಮ್ಮೆಗೇ ಐವತ್ತು ಬರೆಸಬೇಡಿ, ಬರೆದದ್ದು ಪಟ್ಟಿಯಲ್ಲೇ ಉಳಿಯುತ್ತದೆ. ಭಾನುವಾರ ನೀವು ಕನ್ನಡ ಪದ ಹೇಳಿ, ಅವಳು ಇಂಗ್ಲಿಷ್ ಪದ ಹೇಳಿ ಅದನ್ನು ಬಳಸಿ ಒಂದು ವಾಕ್ಯ ಮಾಡಲಿ.